ವರದಿಗಾರ ಸಾಕ್ಷಿಯೋ, ಆರೋಪಿಯೋ?

ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿದ್ದ ಈ ಮಾತನ್ನು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ತನ್ನ 23ನೇ ಕಲಮಿನಲ್ಲಿ ಉಳಿಸಿಕೊಂಡಿದೆ. ಬ್ರಿಟಿಷರು ಹೋದರು, ಸಂವಿಧಾನ ಬಂತು, ಕಾಯ್ದೆಯ ಹೆಸರೂ ಬದಲಾಯಿತು. ಪೊಲೀಸರ ಮೇಲೆ ಕಾನೂನಿಗೇ ಇರುವ ಅಪನಂಬಿಕೆ ಮಾತ್ರ ಕದಲಲಿಲ್ಲ.

ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. 1855ರಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆ ಆಯೋಗ ವರದಿ ಕೊಟ್ಟಾಗ, ಕಂದಾಯ ವಸೂಲಿಗೂ ಕಳ್ಳನನ್ನು ಬಾಯಿ ಬಿಡಿಸುವುದಕ್ಕೂ ಹಿಂಸೆಯೇ ದಾರಿಯಾಗಿತ್ತೆಂಬುದು ಸರ್ಕಾರಿ ದಾಖಲೆಗೆ ಸೇರಿತು. ಬಳ್ಳಾರಿ, ಕೆನರಾ ಆಗ ಅದೇ ಪ್ರಾಂತ್ಯದ ಜಿಲ್ಲೆಗಳು. ಎರಡು ವರ್ಷದಲ್ಲಿ ಸಿಪಾಯಿ ದಂಗೆಯಾಯಿತು, ಅದರ ಬೆನ್ನಿಗೇ 1861ರ ಪೊಲೀಸ್ ಕಾಯ್ದೆ ಬಂತು. ಅದಕ್ಕೆ ಮಾದರಿಯಾದದ್ದು ಲಂಡನ್ನಿನ ಪೊಲೀಸ್ ಅಲ್ಲ. ಒಗ್ಗದ ಜನರನ್ನು ಹತೋಟಿಯಲ್ಲಿಡಲು ಐರ್ಲೆಂಡಿನಲ್ಲಿ ಕಟ್ಟಿದ ಕಾನ್‌ಸ್ಟಾಬ್ಯುಲರಿ. ಠಾಣೆ ಯಾರಿಗೆ ಉತ್ತರ ಹೇಳಬೇಕೆಂಬುದು ಅಂದೇ ತೀರ್ಮಾನವಾಯಿತು: ಮೇಲಿನವರಿಗೆ. 1902-03ರ ಫ್ರೇಸರ್ ಆಯೋಗ, ಪೊಲೀಸರಲ್ಲಿ ದಕ್ಷತೆಯಿಲ್ಲ, ಜನರ ಕಣ್ಣಿಗೆ ಅವರು ಭ್ರಷ್ಟರು, ದಬ್ಬಾಳಿಕೆಯವರು ಎಂದು ಬರೆದಿಟ್ಟಿತು. ಆದರೂ ಕಾಯ್ದೆಯ ತಿರುಳು ಹಾಗೇ ಉಳಿಯಿತು.

ಸ್ವಾತಂತ್ರ್ಯದ ನಂತರ ಈ ಹಳೆಯ ಯಂತ್ರವನ್ನು ಬಿಚ್ಚಿ ನೋಡುವ ಮನಸ್ಸು ಬರಲು ತುರ್ತು ಪರಿಸ್ಥಿತಿಯೇ ಬೇಕಾಯಿತು. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗಕ್ಕೆ ಅಧ್ಯಕ್ಷರಾದವರು ಧರ್ಮವೀರ. 1969ರಿಂದ 1972ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. 1979ರಿಂದ 1981ರೊಳಗೆ ಎಂಟು ವರದಿ ಕೊಟ್ಟ ಈ ಆಯೋಗ, ಪೊಲೀಸರು ಮಾಡುವ ಬಂಧನಗಳಲ್ಲಿ ಸುಮಾರು ಶೇಕಡಾ 60ರಷ್ಟು ಅನಗತ್ಯ ಅಥವಾ ಅಸಮರ್ಥನೀಯ ಎಂದಿತು. ವರದಿಗಳು ಕಪಾಟು ಸೇರಿದವು.

ಆಯೋಗ ಇನ್ನೂ ಕೆಲಸ ಮಾಡುತ್ತಿದ್ದಾಗಲೇ, 1980ರ ನವೆಂಬರಿನಲ್ಲಿ, ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಪಟ್ನಾದ ವರದಿಗಾರ ಅರುಣ್ ಸಿನ್ಹಾ ಅವರ ಸುದ್ದಿ ಬಂತು. ಬಿಹಾರದ ಭಾಗಲ್ಪುರದಲ್ಲಿ ಮೂವತ್ತರಷ್ಟು ವಿಚಾರಣಾಧೀನರ ಕಣ್ಣಿಗೆ ಪೊಲೀಸರು ಸೂಜಿ ಚುಚ್ಚಿ ಆಸಿಡ್ ಸುರಿದಿದ್ದರು. ಭಾರತದ ತನಿಖಾ ಪತ್ರಿಕೋದ್ಯಮದ ಚರಿತ್ರೆ ಬರೆಯುವವರೆಲ್ಲ ಇಲ್ಲಿ ನಿಲ್ಲುತ್ತಾರೆ, ನಿಲ್ಲಲೇಬೇಕು. ಆದರೆ ಹೆಚ್ಚಿನವರು ಪತ್ರಿಕೆಯ ಗೆಲುವನ್ನು ಹೇಳಿ ಮುಂದೆ ಹೋಗುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ ಎರಡು ಸಂಗತಿ. ಒಂದು, ಆ ಕೈದಿಗಳನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದಾಗ ವಕೀಲರು ಬೇಕೇ ಎಂದು ಕೂಡ ಯಾರೂ ಕೇಳಿರಲಿಲ್ಲ. ಕೋರ್ಟಿಗೆ ಕಾಣದ್ದು ವರದಿಗಾರನಿಗೆ ಕಂಡಿತು. ಬಡ ಆರೋಪಿಗೆ ಮೊದಲ ಹಾಜರಾತಿಯಿಂದಲೇ ಉಚಿತ ವಕೀಲರನ್ನು ಕೊಡಬೇಕೆಂಬ 1981ರ ಖತ್ರಿ ತೀರ್ಪು ಆಮೇಲೆ ಬಂತು. ಇನ್ನೊಂದು, ಪೊಲೀಸರ ಮೇಲೆ ಕ್ರಮಕ್ಕೆ ಸರ್ಕಾರ ಮುಂದಾದಾಗ ಭಾಗಲ್ಪುರದ ಜನ ಬೀದಿಗಿಳಿದದ್ದು ಪೊಲೀಸರ ಪರವಾಗಿ. ಕಳ್ಳಕಾಕರ ಕಾಟದಿಂದ ಬೇಸತ್ತವರಿಗೆ ಆಸಿಡ್ಡೇ ನ್ಯಾಯವಾಗಿ ಕಂಡಿತ್ತು. ಇದನ್ನು ಪೊಲೀಸರ ಮೇಲಿನ ವಿಶ್ವಾಸ ಎನ್ನಬಹುದೇ? 2019ರ ಡಿಸೆಂಬರಿನಲ್ಲಿ ಹೈದರಾಬಾದ್ ಬಳಿ ಅತ್ಯಾಚಾರ ಪ್ರಕರಣದ ನಾಲ್ವರು ಆರೋಪಿಗಳು ಎನ್‌ಕೌಂಟರ್‌ನಲ್ಲಿ ಸತ್ತಾಗ ಪೊಲೀಸರ ಮೇಲೆ ಹೂವು ಸುರಿದವರದೂ ಇದೇ ಭಾವ. 2022ರಲ್ಲಿ ಸಿರ್ಪುರ್ಕರ್ ಆಯೋಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂದಾಗ ಹೂವು ಸುರಿದವರು ಮಾತಾಡಲಿಲ್ಲ. ನ್ಯಾಯಾಲಯದ ಮೇಲೆ ಭರವಸೆ ಹೋದಾಗ ಹುಟ್ಟುವ ಈ ಚಪ್ಪಾಳೆಯನ್ನು ವಿಶ್ವಾಸದ ಲೆಕ್ಕಕ್ಕೆ ಸೇರಿಸಬಾರದು.

ಪತ್ರಿಕೆಯ ಸುದ್ದಿಯೇ ಕಾನೂನಾದ ಇನ್ನೊಂದು ಪ್ರಸಂಗವಿದೆ. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು, ಲಾಕಪ್ ಸಾವುಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದ ವರದಿಗಳತ್ತ ಗಮನ ಸೆಳೆದು ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಅದನ್ನೇ ಅರ್ಜಿಯೆಂದು ಪರಿಗಣಿಸಿದ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 18ರಂದು ಬಂಧನದ ನಿಯಮಗಳನ್ನು ಬರೆಯಿತು: ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ, ಸಾಕ್ಷಿಯ ಸಹಿಯಿರುವ ಬಂಧನದ ಮೆಮೊ, ಮನೆಯವರಿಗೆ ಸುದ್ದಿ, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ. ಇಂದು ಠಾಣೆಗಳ ಗೋಡೆಯ ಮೇಲೆ ಕಾಣುವ ಈ ನಿಯಮಗಳ ಫಲಕದ ಮೂಲ ಲಾಕಪ್ ಸಾವಿನ ಬೆನ್ನು ಹತ್ತಿದ ವರದಿಗಾರರು.

ಆದರೆ ವರದಿಗಾರರೆಲ್ಲ ಆ ಜಾತಿಯವರಲ್ಲ. ಕ್ರೈಂ ಬೀಟ್ ಎಂಬುದು ಕನ್ನಡ ಪತ್ರಿಕೆಗಳಲ್ಲಿ ಹೊಸಬರಿಗೆ ಮೊದಲು ಕೊಡುವ ಕೆಲಸ. ಬೆಳಿಗ್ಗೆ ಎಸ್‌ಪಿ ಕಚೇರಿಯ ಪ್ರಕಟಣೆ, ಮಧ್ಯಾಹ್ನ ಕಮಿಷನರ ಪತ್ರಿಕಾಗೋಷ್ಠಿ. ಮೇಜಿನ ಮೇಲೆ ಹರಡಿದ ಚಿನ್ನ, ಹಿಂದೆ ಮುಸುಕು ಹಾಕಿ ನಿಲ್ಲಿಸಿದ ಆರೋಪಿಗಳು, ಫೋಟೊ. ಸುದ್ದಿಯ ಕೊನೆಗೆ ‘ಪೊಲೀಸ್ ಮೂಲಗಳು ತಿಳಿಸಿವೆ’. ಇನ್‌ಸ್ಪೆಕ್ಟರ್ ಫೋನ್ ಎತ್ತದಿದ್ದರೆ ಈ ವರದಿಗಾರನಿಗೆ ಅಂದಿನ ಅನ್ನವಿಲ್ಲ. ಹಾಗಾಗಿ ಠಾಣೆ ಹೇಳಿದ್ದೇ ಸುದ್ದಿ, ಠಾಣೆ ಮುಚ್ಚಿಟ್ಟದ್ದು ಸುದ್ದಿಯಲ್ಲ. ನ್ಯಾಯಾಲಯ ಖುಲಾಸೆ ಮಾಡಿದ ದಿನ ಆ ಆರೋಪಿಗೆ ಮೂಲೆಯಲ್ಲಿ ಎರಡು ಸಾಲೂ ಸಿಗುವುದಿಲ್ಲ. ಪೊಲೀಸರ ಮೇಲಿನ ವಿಶ್ವಾಸ ಕುಸಿದದ್ದಕ್ಕೆ ಪತ್ರಿಕೆಗಳನ್ನು ದೂರುವ ಅಧಿಕಾರಿಗಳು ಈ ಉಪಕಾರವನ್ನು ಮರೆಯುತ್ತಾರೆ. ತಾನೇ ತನಿಖೆಗೆ ಇಳಿಯುವ ವರದಿಗಾರ ಈ ಕೊಡುಕೊಳ್ಳುವಿಕೆಯ ಆಚೆ ಕಾಲಿಡುತ್ತಾನೆ. ತೊಂದರೆ ಶುರುವಾಗುವುದು ಅಲ್ಲಿ.

ಆ ತೊಂದರೆಗೆ ಕರ್ನಾಟಕದಲ್ಲೇ ಉದಾಹರಣೆಯಿದೆ, ಅದೂ ಪೊಲೀಸ್ ಸುಧಾರಣೆಯ ಮಾತು ನಡೆದಿದ್ದಾಗಲೇ. ಸುಪ್ರೀಂ ಕೋರ್ಟಿನ 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ತೀರ್ಪು ಪೊಲೀಸ್ ಸುಧಾರಣೆಗೆ ಏಳು ನಿರ್ದೇಶನ ಕೊಟ್ಟಿತು. ರಾಜ್ಯ ಭದ್ರತಾ ಆಯೋಗ, ಅಧಿಕಾರಿಗಳಿಗೆ ಎರಡು ವರ್ಷದ ಖಚಿತ ಅವಧಿ, ತನಿಖೆ ಮತ್ತು ಬಂದೋಬಸ್ತಿನ ವಿಭಜನೆ, ಪೊಲೀಸ್ ದೂರು ಪ್ರಾಧಿಕಾರ ಇತ್ಯಾದಿ. ಕರ್ನಾಟಕ 1963ರ ತನ್ನ ಪೊಲೀಸ್ ಕಾಯ್ದೆಗೆ ಇವುಗಳಲ್ಲಿ ಕೆಲವನ್ನು ಸೇರಿಸಿದ್ದು 2012ರ ತಿದ್ದುಪಡಿಯಲ್ಲಿ. ಅದೇ ವರ್ಷದ ಜುಲೈ 28ರಂದು ಮಂಗಳೂರಿನ ಪಡೀಲ್‌ನ ಹೋಮ್‌ಸ್ಟೇಯೊಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ನುಗ್ಗಿ ಹಲ್ಲೆ ಮಾಡಿತು. ಕ್ಯಾಮೆರಾದಲ್ಲಿ ಅದನ್ನು ಸೆರೆಹಿಡಿದದ್ದು ಕಸ್ತೂರಿ ನ್ಯೂಸ್ 24ರ ವರದಿಗಾರ ನವೀನ್ ಸೂರಿಂಜೆ ಮತ್ತವರ ಸಹೋದ್ಯೋಗಿ. ಪೊಲೀಸರಿಗೆ ಫೋನ್ ಮಾಡಿದ್ದೆ, ಎತ್ತಲಿಲ್ಲ ಎಂದು ಸೂರಿಂಜೆ ಹೇಳಿದರು. ಹಲ್ಲೆಕೋರರ ಮುಖ ನಾಡಿಗೆಲ್ಲ ಕಂಡದ್ದು ಆ ದೃಶ್ಯದಿಂದ. ನವೆಂಬರ್ 7ರಂದು ಪೊಲೀಸರು ಬಂಧಿಸಿದ್ದು ದೃಶ್ಯ ತಂದವರನ್ನು, ಅದೂ ಹಲ್ಲೆಕೋರರ ಜೊತೆ ಸೇರಿಸಿ ಆರೋಪಿಯಾಗಿ. ನಾಲ್ಕು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದ ಅವರಿಗೆ 2013ರ ಮಾರ್ಚಿನಲ್ಲಿ ಹೈಕೋರ್ಟ್ ಜಾಮೀನು ಕೊಟ್ಟಿತು. ಮುಂದೆ ಸರ್ಕಾರ ಅವರ ಮೇಲಿನ ಮೊಕದ್ದಮೆ ಕೈಬಿಟ್ಟಿತು. ಮೂಲ ಪ್ರಕರಣ 2024ರಲ್ಲಿ ಆರೋಪಿಗಳ ಖುಲಾಸೆಯಲ್ಲಿ ಮುಗಿಯಿತು. ಪ್ರಮುಖ ಸಾಕ್ಷಿಯಾಗಬೇಕಿದ್ದವನನ್ನೇ ಆರೋಪಿ ಮಾಡಿದ ತನಿಖೆಯಿಂದ ಬೇರೇನು ನಿರೀಕ್ಷಿಸಬಹುದಿತ್ತು?

ಇಲ್ಲಿಗೆ ನಿಲ್ಲಿಸಿದರೆ ಕರ್ನಾಟಕ ಪೊಲೀಸರಿಗೆ ಅನ್ಯಾಯವಾದೀತು. 2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶ್ ರಾಜರಾಜೇಶ್ವರಿನಗರದ ತಮ್ಮ ಮನೆಯ ಬಾಗಿಲಲ್ಲಿ ಹತ್ಯೆಯಾದರು. ಬಿ.ಕೆ. ಸಿಂಗ್ ನೇತೃತ್ವದ ಎಸ್‌ಐಟಿಗೆ ಮೊದಲು ಸಿಕ್ಕಿದ್ದು 7.65 ಎಂಎಂ ನಾಡ ಪಿಸ್ತೂಲಿನ ಗುಂಡುಗಳು, ಖಾಲಿ ಕೋಶಗಳು, ಮಬ್ಬು ಸಿಸಿಟಿವಿ ದೃಶ್ಯ, ಅಷ್ಟೇ. ಎರಡು ವರ್ಷ ಹಿಂದೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಕೊಂದ ಗುಂಡುಗಳ ಗೀರುಗಳಿಗೆ ಇವು ತಾಳೆಯಾದವು. ಅಲ್ಲಿಂದ ಹಿಡಿದ ಎಳೆಯಲ್ಲಿ ತಂಡ 18 ಜನರನ್ನು ಆರೋಪಿಗಳೆಂದು ಹೆಸರಿಸಿ, 2018ರ ನವೆಂಬರಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಪುಟಗಳ ಆರೋಪಪಟ್ಟಿ ಹಾಕಿತು. ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದ ಮಹಾರಾಷ್ಟ್ರದ ದಾಭೋಲ್ಕರ್ ಹತ್ಯೆಯ ತನಿಖೆಗೂ ಇಲ್ಲಿನ ಸುಳಿವು ಹೊಸ ದಾರಿ ತೋರಿಸಿತು. ವಿಚಾರಣೆ 2022ರ ಜುಲೈನಲ್ಲಿ ಶುರುವಾಯಿತು. ಅಷ್ಟು ತಡವಾದದ್ದು ಬೇರೆ ಕಥೆ. ಮಂಗಳೂರಿನದೂ ಬೆಂಗಳೂರಿನದೂ ಒಂದೇ ಖಾಕಿ. ಒಂದೇ ತರಬೇತಿ, ಒಂದೇ ಕಾಯ್ದೆ. ಅಂದರೆ ಕೊರತೆ ಬುದ್ಧಿಯದಲ್ಲ, ತಂತ್ರಜ್ಞಾನದ್ದೂ ಅಲ್ಲ. ತಂಡವನ್ನು ಅದರ ಪಾಡಿಗೆ ಬಿಟ್ಟಾಗ ಅದು ಏನು ಮಾಡಬಲ್ಲದೆಂಬುದಕ್ಕೆ ಗೌರಿ ಪ್ರಕರಣ ಸಾಕ್ಷಿ. ಬಿಡದಿದ್ದಾಗ ಏನಾಗುತ್ತದೆಂಬುದಕ್ಕೆ ನಮ್ಮಲ್ಲಿ ಸಾಕ್ಷಿಗಳಿಗೆ ಬರವಿಲ್ಲ.

ಪೊಲೀಸರೇ ಇದನ್ನು ಒಪ್ಪುತ್ತಾರೆ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ 21 ರಾಜ್ಯಗಳ ಸುಮಾರು 12,000 ಸಿಬ್ಬಂದಿಯನ್ನು ಮಾತಾಡಿಸಿದಾಗ, ತನಿಖೆಗೆ ಅತಿ ದೊಡ್ಡ ಅಡ್ಡಿ ರಾಜಕಾರಣಿಗಳ ಒತ್ತಡ ಎಂದವರು ಶೇಕಡಾ 28. ಸಣ್ಣ ತಪ್ಪಿಗೆ ಕೋರ್ಟು ಬೇಡ, ನಾವೇ ಶಿಕ್ಷೆ ಕೊಡುವುದು ಲೇಸು ಎಂದವರು ಶೇಕಡಾ 37. ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ. ರಜೆ, ಸಂಬಳ, ಮೇಲಧಿಕಾರಿಗಳ ಕಿರುಕುಳ ಎಂದು 2016ರ ಜೂನ್ 4ರಂದು ಸಾಮೂಹಿಕ ರಜೆಗೆ ಹೊರಟಿದ್ದ ನಮ್ಮ ಕಾನ್‌ಸ್ಟೆಬಲ್‌ಗಳನ್ನು ಸರ್ಕಾರ ಎಸ್ಮಾ ತೋರಿಸಿ ಕೂರಿಸಿದ್ದು ನೆನಪಿರಬಹುದು. ಠಾಣೆಗೆ ಬಂದವರ ಮೇಲೆ ಹರಿಹಾಯುವ ಪೇದೆ ಬೈಗುಳ ತಿಂದೇ ಬಂದಿರುತ್ತಾನೆ.

ಇತ್ತೀಚಿನ ಅಧ್ಯಾಯ ಲಾಠಿಯದಲ್ಲ, ಮೊಬೈಲಿನದು. 2023ರ ಅಕ್ಟೋಬರ್ 3ರಂದು ದೆಹಲಿ ಪೊಲೀಸರು ನ್ಯೂಸ್‌ಕ್ಲಿಕ್ ಸುದ್ದಿತಾಣದ ಜೊತೆ ಸಂಬಂಧವಿದ್ದ ಪತ್ರಕರ್ತರ ಮನೆಗಳಿಗೆ ನುಗ್ಗಿ ಫೋನು, ಲ್ಯಾಪ್‌ಟಾಪ್ ಹೊತ್ತೊಯ್ದರು. ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರ ಬಂಧನವೇ ಅಸಿಂಧು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಮೇ 15ರಂದು. ಕಾರಣ, ಬಂಧನದ ಆಧಾರಗಳನ್ನು ಲಿಖಿತವಾಗಿ ಕೊಟ್ಟಿರಲಿಲ್ಲ. ವರದಿಗಾರನ ಫೋನಿನಲ್ಲಿ ಇರುವುದು ಅವನ ಗುಟ್ಟಷ್ಟೇ ಅಲ್ಲ. ಅವನನ್ನು ನಂಬಿ ಕಾಗದ ಕೊಟ್ಟ ಗುಮಾಸ್ತನ ನೌಕರಿಯೂ ಅದರಲ್ಲಿದೆ. ಕರ್ನಾಟಕ ಹೈಕೋರ್ಟ್ 2021ರ ವೀರೇಂದ್ರ ಖನ್ನಾ ತೀರ್ಪಿನಲ್ಲಿ ಫೋನ್ ಶೋಧಕ್ಕೆ ವಾರಂಟು, ಜಪ್ತಿಯಾದ ಉಪಕರಣಕ್ಕೆ ಸಿಗ್ನಲ್ ತಡೆಯುವ ಚೀಲ ಎಂದೆಲ್ಲ ವಿಧಾನ ಬರೆದದ್ದು ಆ ಕಾಲಕ್ಕೆ ಮುಂದಿನ ಹೆಜ್ಜೆ. ಆದರೆ ಸುದ್ದಿಮೂಲಕ್ಕೆ ರಕ್ಷಣೆ? ಕಾನೂನು ಆಯೋಗ ತನ್ನ 93ನೇ ವರದಿಯಲ್ಲಿ ಅದನ್ನು ಸಾಕ್ಷ್ಯ ಕಾಯ್ದೆಗೆ ಸೇರಿಸಲು ಹೇಳಿದ್ದು 1983ರಲ್ಲಿ. ನಲವತ್ತು ವರ್ಷದ ನಂತರ ಕಾಯ್ದೆಯನ್ನೇ ಹೊಸದಾಗಿ ಬರೆದಾಗಲೂ ಅದು ಸೇರಲಿಲ್ಲ.

ಸುದ್ದಿಮೂಲಕ್ಕಷ್ಟೇ ಅಲ್ಲ, ವರದಿಗಾರನಿಗೂ ರಕ್ಷಣೆಯಿಲ್ಲ. ಛತ್ತೀಸಗಡದ ಬಿಜಾಪುರದ ವರದಿಗಾರ ಮುಕೇಶ್ ಚಂದ್ರಾಕರ್ 2021ರಲ್ಲಿ, ಮಾವೊವಾದಿಗಳ ಒತ್ತೆಯಲ್ಲಿದ್ದ ಯೋಧನನ್ನು ಬಿಡಿಸಿ ತರಲು ಕಾಡಿಗೆ ಹೋದವರಲ್ಲಿ ಒಬ್ಬರು. ರಸ್ತೆ ಕಾಮಗಾರಿಯ ಅಕ್ರಮ ಬಯಲಿಗೆಳೆದ ಅದೇ ವರದಿಗಾರನ ಶವ 2025ರ ಜನವರಿ 3ರಂದು ಗುತ್ತಿಗೆದಾರನ ಜಾಗದ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಆಪತ್ತಿನಲ್ಲಿ ನೆರವಾದವನಿಗೆ ಅವನ ಆಪತ್ತಿನಲ್ಲಿ ವ್ಯವಸ್ಥೆಯ ಆಸರೆ ಇರಲಿಲ್ಲ.

ನಮ್ಮ ಪೊಲೀಸ್ ಕಾಯ್ದೆಗೆ ಮಾದರಿಯಾದ ಐರ್ಲೆಂಡಿನ ಉತ್ತರ ಭಾಗದಲ್ಲಿ 2001ರಲ್ಲಿ ಹಳೆಯ ಪಡೆಯ ಜಾಗಕ್ಕೆ ಹೊಸ ಪೊಲೀಸ್ ಸೇವೆ ಬಂತು. ನಾಗರಿಕ ಮಂಡಳಿ, ಸ್ವತಂತ್ರ ಒಂಬುಡ್ಸ್‌ಮನ್ ಎಲ್ಲ ಬಂದವು. ಆದರೂ 1994ರ ಲಾಫಿನ್‌ಐಲೆಂಡ್ ಹತ್ಯಾಕಾಂಡದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ ಟ್ರೆವರ್ ಬರ್ನಿ, ಬ್ಯಾರಿ ಮೆಕಾಫ್ರಿ ಎಂಬ ಪತ್ರಕರ್ತರನ್ನು 2018ರಲ್ಲಿ ಬಂಧಿಸಲಾಯಿತು. ಶೋಧದ ವಾರಂಟು ಕಾನೂನುಬಾಹಿರ ಎಂದು ಮರುವರ್ಷ ನ್ಯಾಯಾಲಯ ಹೇಳಿತು. ಅವರಿಗೂ ಅವರ ಚಿತ್ರಸಂಸ್ಥೆಗೂ ಸೇರಿ 8,75,000 ಪೌಂಡ್ ಪರಿಹಾರ ಬಂತು. ಅವರ ಮೇಲೆ ನಡೆದ ಗುಪ್ತ ಕಣ್ಗಾವಲೂ ಕಾನೂನುಬಾಹಿರವೆಂದು 2024ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ತೀರ್ಪಿತ್ತಿತು. ಸುಧಾರಿಸಿದ ಪೊಲೀಸರೂ ತಪ್ಪು ಮಾಡುತ್ತಾರೆ, ಆದರೆ ಅಲ್ಲಿ ಅದಕ್ಕೆ ಬೆಲೆ ತೆತ್ತದ್ದು ಇಲಾಖೆ. ಸೂರಿಂಜೆಯವರ ನಾಲ್ಕು ತಿಂಗಳಿಗೆ ಯಾವ ಅಧಿಕಾರಿ ಬೆಲೆ ತೆತ್ತರು?

ಎಫ್‌ಐಆರ್‌ಗಳನ್ನು, ಸೂಕ್ಷ್ಮ ಪ್ರಕರಣಗಳ ಹೊರತು, 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಇನ್ನೊಮ್ಮೆ ವರದಿಗಾರನೊಬ್ಬನ ಮೇಲೆ ಕೇಸು ಬಿತ್ತೆಂಬ ಸುದ್ದಿ ಓದಿದಾಗ, ಅವನು ಬರೆದ ಅಪರಾಧದ ಮೇಲೆ ಎಫ್‌ಐಆರ್ ಆಗಿದೆಯೇ ಎಂದು ಅಲ್ಲಿ ಹುಡುಕಿ ನೋಡಿ. ಸಿಗದಿದ್ದರೆ ಠಾಣೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ.