ತಿದಿಯಿಂದ ಟರ್ಬೊವರೆಗೆ: ಇಂಜಿನ್ನಿಗೆ ಗಾಳಿ ತುಂಬಿದ ಚರಿತ್ರೆ



ಶಿಕಾರಿಪುರದಿಂದ ಶಿರಾಳಕೊಪ್ಪ ಮಾರ್ಗವಾಗಿ ಸೊರಬಕ್ಕೆ ಹೋಗುವ ಲಾರಿಗಳ ಮೇಲೆ ‘ಟರ್ಬೊ’ ಎಂಬ ಬರಹವನ್ನು ತಾವು ನೋಡಿರಬಹುದು. ನಮ್ಮ ಎರಡೂ ತಾಲೂಕುಗಳಲ್ಲಿ ಚಾಲಕರಾಗಿ, ಮೆಕ್ಯಾನಿಕ್‌ಗಳಾಗಿ ದುಡಿಯುವ ಯುವಕರಿಗೆ ಈ ಪದ ಹೊಸದಲ್ಲ. ಆದರೆ ಅದರ ಚರಿತ್ರೆ ಬಲ್ಲವರು ಕಡಿಮೆ.

ಕಮ್ಮಾರನು ತಿದಿ ಒತ್ತಿದಾಗ ಕುಲುಮೆಯ ಇದ್ದಿಲು ಕೆಂಪಾಗಿ ಉರಿಯುತ್ತದೆ. ಇಂಜಿನ್ನಿನ ತತ್ವವೂ ಇದೇ. ಸಿಲಿಂಡರಿಗೆ ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನ ಉರಿದು ಶಕ್ತಿ ಹೆಚ್ಚುತ್ತದೆ. ಪಿಸ್ಟನ್ನಿನಿಂದ ನೀರನ್ನು ಹೀರಿ ಮೇಲಕ್ಕೆ ಒತ್ತುವ ಪಂಪನ್ನು ಮುಸ್ಲಿಮ್ ಯಂತ್ರತಜ್ಞ ಅಲ್-ಜಝರಿ 1206ರಲ್ಲಿ ಮುಗಿಸಿದ ತಮ್ಮ ಗ್ರಂಥದಲ್ಲಿ ಚಿತ್ರಸಹಿತ ವಿವರಿಸಿದ್ದರೆಂಬುದು ಇಲ್ಲಿ ಸ್ಮರಣೀಯ.

1860ರಲ್ಲಿ ಅಮೆರಿಕದ ರೂಟ್ಸ್ ಸಹೋದರರು ಗಾಳಿ ತಳ್ಳುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದರು. 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಇಂಜಿನ್ನಿಗೆ ಒತ್ತಡದಿಂದ ಗಾಳಿ ತುಂಬುವ ವಿಧಾನಕ್ಕೆ ಪೇಟೆಂಟ್ ಪಡೆದರು. 1921ರಲ್ಲಿ ಮರ್ಸಿಡಿಸ್ ಸಂಸ್ಥೆ ಸೂಪರ್‌ಚಾರ್ಜರ್ ಇರುವ ಕಾರುಗಳನ್ನು ಬರ್ಲಿನ್‌ನಲ್ಲಿ ಪ್ರದರ್ಶಿಸಿತು. ಸೂಪರ್‌ಚಾರ್ಜರನ್ನು ಇಂಜಿನ್ನೇ ಬೆಲ್ಟ್ ಅಥವಾ ಗೇರ್ ಮೂಲಕ ತಿರುಗಿಸುತ್ತದೆ. ಆದ್ದರಿಂದ ಆಕ್ಸಿಲರೇಟರ್ ಒತ್ತಿದ ಕ್ಷಣವೇ ಬಲ ಸಿಗುತ್ತದೆ. ಆದರೆ ಉತ್ಪತ್ತಿಯಾದ ಶಕ್ತಿಯಲ್ಲಿ ಒಂದು ಪಾಲು ಅದಕ್ಕೇ ಖರ್ಚಾಗುತ್ತದೆ.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಬೇರೊಂದು ದಾರಿ ಹುಡುಕಿದರು. ಸೈಲೆನ್ಸರಿನಿಂದ ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸುವುದು, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒಳಗೆ ಒತ್ತುವುದು. ಇದೇ ಟರ್ಬೊಚಾರ್ಜರ್. 1918ರಲ್ಲಿ ಸ್ಯಾನ್‌ಫೋರ್ಡ್ ಮಾಸ್ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಮೇಲೆ, ಸುಮಾರು 14,000 ಅಡಿ ಎತ್ತರದ ತೆಳು ಗಾಳಿಯಲ್ಲಿ, ವಿಮಾನದ ಇಂಜಿನ್ನಿಗೆ ಇದನ್ನು ಜೋಡಿಸಿ ಕುಂದಿದ ಶಕ್ತಿಯನ್ನು ಮರಳಿ ಪಡೆದು ತೋರಿಸಿದರು. 1962ರಲ್ಲಿ ಅಮೆರಿಕದ ಕಾರುಗಳಿಗೂ, 1978ರಲ್ಲಿ ಮರ್ಸಿಡಿಸ್‌ನ ಡೀಸೆಲ್ ಕಾರಿಗೂ ಟರ್ಬೊ ಬಂತು.

ಹಾಗಾದರೆ ಯಾವುದು ಮೇಲು? ತಕ್ಷಣದ ಬಲಕ್ಕೆ ಸೂಪರ್‌ಚಾರ್ಜರ್, ಇಂಧನದ ಉಳಿತಾಯಕ್ಕೆ ಟರ್ಬೊ. ಹೊಗೆಯ ರಭಸ ಸಾಲದಿದ್ದಾಗ ಟರ್ಬೊ ತುಸು ತಡವಾಗಿ ಸ್ಪಂದಿಸುತ್ತದೆ, ನಿಜ. ಆದರೂ ದುಡಿಯುವ ವಾಹನಗಳಲ್ಲಿ ಅದೇ ನೆಲೆನಿಂತಿತು. ದುಂದುಗಾರಿಕೆಯನ್ನು ಒಪ್ಪದ ಧರ್ಮದ ಅನುಯಾಯಿಗಳಾದ ನಮಗೆ, ಬಿಸಾಡುವ ಹೊಗೆಯಿಂದಲೇ ಕೆಲಸ ತೆಗೆಯುವ ಈ ಜಾಣ್ಮೆ ಮೆಚ್ಚುಗೆಯಾಗಬೇಕು.

ಚರಿತ್ರೆಯ ಈ ತಿಳಿವಳಿಕೆಯಿಂದ ಹೊಟ್ಟೆಪಾಡಿಗೂ ಲಾಭವಿದೆ. ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದರ ಬೇರಿಂಗನ್ನು ಕಾಯುವುದು ಇಂಜಿನ್ ಆಯಿಲ್. ಭಾರ ಹೊತ್ತು ಬಂದ ಗಾಡಿಯನ್ನು ಕೂಡಲೇ ಆಫ್ ಮಾಡಿದರೆ ಆಯಿಲ್ ಹರಿವು ನಿಂತು, ಉಳಿದ ಆಯಿಲ್ ಬಿಸಿಗೆ ಸುಟ್ಟು ಕರಿಯಾಗುತ್ತದೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಬಡ ಚಾಲಕನ ಸಾವಿರಾರು ರೂಪಾಯಿ ಉಳಿಯುತ್ತದೆ.

ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಗ ಗ್ಯಾರೇಜಿಗೆ ಹೋಗಲಿ, ಕಸುಬು ಕಲಿಯಲಿ, ಅದರಲ್ಲಿ ಅವಮಾನವಿಲ್ಲ. ಆದರೆ ಎಸ್‌ಎಸ್‌ಎಲ್‌ಸಿ ಬಿಡಿಸಿ ಕಳುಹಿಸಬೇಡಿ. ಐಟಿಐ ಅಥವಾ ಡಿಪ್ಲೊಮಾ ಓದಿಸಿ. ಸ್ಪ್ಯಾನರ್ ಹಿಡಿದ ಕೈಗೆ ಪುಸ್ತಕವೂ ಸಿಕ್ಕಿದರೆ, ಮುರಿದುದನ್ನು ಬದಲಿಸುವವನು ಅದು ಏಕೆ ಮುರಿಯಿತೆಂದು ಬಲ್ಲವನಾಗುತ್ತಾನೆ.