ರೂಡಿ ವ್ಯಾಲಿ: ವಾದ್ಯದಿಂದ ಕಂಠಕ್ಕೆ

ಸ್ಯಾಕ್ಸೋಫೋನ್ ವಾದಕರ ನಮ್ಮ ಸಂಘದ ಈ ಉತ್ಸವದಲ್ಲಿ, ನಾಗಸ್ವರದ ಹಿರಿಯರನ್ನೂ, ಪರದೇಶದ ಈ ವಾದ್ಯಕ್ಕೆ ನಮ್ಮ ಗಮಕಗಳನ್ನು ಕಲಿಸಿದ ಕದ್ರಿ ಗೋಪಾಲನಾಥರನ್ನೂ ಸ್ಮರಿಸುವವರು ಅನೇಕರಿರುವರಾದುದರಿಂದ, ವಾದ್ಯವು ಪಶ್ಚಿಮದಲ್ಲಿ ಬಾಳಿದ ಬಾಳನ್ನು ಕುರಿತೂ ಒಂದು ಲೇಖನವಿರಲೆಂದು ಸಂಚಿಕೆಯ ಸಮಿತಿಯವರು ಅಪೇಕ್ಷಿಸಿದಾಗ, ನನ್ನ ಮನಸ್ಸು ಅಮೆರಿಕದ ನೃತ್ಯವಾದ್ಯಮೇಳಗಳ ಆದಿಕಾಲದವರಾದ ರೂಡಿ ವ್ಯಾಲಿಯವರತ್ತ ಹರಿಯಿತು. ಲೋಕವು ಅವರನ್ನು ಗಾಯಕರೆಂದೇ ಬಲ್ಲುದು. ಆ ಗಾಯನದ ಬೇರು ಸ್ಯಾಕ್ಸೋಫೋನಿನಲ್ಲಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಇದರಲ್ಲಿ ವಾದಕನ ಪಕ್ಷಪಾತ ಕಿಂಚಿತ್ ಬೆರೆತಿದ್ದರೆ ಓದುಗರು ಮನ್ನಿಸಬೇಕು.

1901ರ ಜುಲೈ 28ರಂದು ವರ್ಮಾಂಟ್ ರಾಜ್ಯದ ಐಲೆಂಡ್ ಪಾಂಡ್ ಎಂಬ ಊರಿನಲ್ಲಿ ಜನಿಸಿ, ಮೇನ್ ರಾಜ್ಯದ ವೆಸ್ಟ್‌ಬ್ರೂಕಿನಲ್ಲಿ, ಔಷಧದಂಗಡಿಯನ್ನು ನಡೆಸುತ್ತಿದ್ದ ತಂದೆಯ ಆಶ್ರಯದಲ್ಲಿ ಬೆಳೆದ ಈ ಬಾಲಕನಿಗೆ ತಂದೆತಾಯಿಗಳಿಟ್ಟ ಹೆಸರು ಹ್ಯೂಬರ್ಟ್ ಪ್ರಯರ್. 1917ರಲ್ಲಿ, ಇನ್ನೂ ಹದಿನಾರು ತುಂಬದಿರುವಾಗಲೇ, ವಯಸ್ಸನ್ನು ಮರೆಮಾಚಿ ನೌಕಾದಳವನ್ನು ಸೇರಿ, ನಿಜವು ಹೊರಬಿದ್ದೊಡನೆ ಮನೆಗೆ ಹಿಂದಿರುಗಬೇಕಾಯಿತು. ಮೊದಲು ಡ್ರಮ್ಮು, ಬಳಿಕ ಕ್ಲಾರಿನೆಟ್ಟು, ಕಡೆಗೆ ಸ್ಯಾಕ್ಸೋಫೋನು; ಆ ಕಾಲದ ಮಹಾವಾದಕರಾದ ರೂಡಿ ವೀಡಾಫ್ಟರ ಗ್ರಾಮಫೋನ್ ತಟ್ಟೆಗಳನ್ನು ಮರಳಿ ಮರಳಿ ಕೇಳಿ, ಒಂದೊಂದು ಸ್ವರವನ್ನೂ ಅನುಸರಿಸಿ ನುಡಿಸಿ, ಆ ವಿದ್ಯೆಯನ್ನು ಕೈವಶಮಾಡಿಕೊಂಡರು. ಏಕಲವ್ಯನು ಗುರುವಿಗೆ ಹೆಬ್ಬೆರಳನ್ನು ಕೊಟ್ಟನಾದರೆ ಇವರು ತಮ್ಮ ಹೆಸರನ್ನೇ ಬಿಟ್ಟುಕೊಟ್ಟು, ಗುರುವಿನ ಹೆಸರನ್ನು ಧರಿಸಿ ರೂಡಿಯಾದರು.

1921ರಲ್ಲಿ ಮೇನ್ ವಿಶ್ವವಿದ್ಯಾನಿಲಯವನ್ನು ಸೇರಿ, ಮರುವರ್ಷ ಅಲ್ಲಿಂದ ಯೇಲ್‌ಗೆ ಹೋದ ಅವರಿಗೆ ವಿದ್ಯಾಭ್ಯಾಸವೂ ವಾದನವೂ ಒಟ್ಟೊಟ್ಟಿಗೆ ನಡೆದುವು. ನಡುವೆ, 1924–25ರಲ್ಲಿ, ಓದನ್ನು ನಿಲ್ಲಿಸಿ ಲಂಡನ್ನಿಗೆ ತೆರಳಿ, ಸವಾಯ್ ಹೋಟೆಲಿನ ಸವಾಯ್ ಹವಾನಾ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸಿದರು. ಮುಂದೆ ತಮ್ಮ ರೇಡಿಯೋ ಕಾರ್ಯಕ್ರಮದ ಸಂಕೇತಗೀತೆಯಾಗಿ ಮಾಡಿಕೊಂಡ ‘ಮೈ ಟೈಮ್ ಈಸ್ ಯುವರ್ ಟೈಮ್’ ಎಂಬ ಹಾಡು ಆ ಲಂಡನ್ ವಾಸದ ಗಳಿಕೆಯೇ. ಅಲ್ಲಿ ಅವರನ್ನು ಕರೆದುದು ವಾದಕರೆಂದು, ಗಾಯಕರೆಂದಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. 1927ರಲ್ಲಿ ತತ್ತ್ವಶಾಸ್ತ್ರದ ಪದವಿಯೊಂದಿಗೆ ಯೇಲನ್ನು ಬಿಟ್ಟು, 1928ರ ಆರಂಭದಲ್ಲಿ ನ್ಯೂಯಾರ್ಕಿನ ಹೈ-ಹೋ ಕ್ಲಬ್ಬಿನಲ್ಲಿ ‘ಕನೆಕ್ಟಿಕಟ್ ಯಾಂಕೀಸ್’ ಮೇಳವನ್ನು ಕಟ್ಟಿದರು. ಪಿಟೀಲು, ಸ್ಯಾಕ್ಸೋಫೋನು, ಪಿಯಾನೊಗಳೇ ಮುಖ್ಯವಾದ ಆ ಸಣ್ಣ ಮೇಳವು, ತುತ್ತೂರಿಗಳ ಅಬ್ಬರದಿಂದ ಕುಣಿಸುತ್ತಿದ್ದ ದೊಡ್ಡ ಬ್ಯಾಂಡುಗಳ ನಡುವೆ ಮೆಲ್ಲನೆ ನುಡಿಯಿತು.

ಅವರ ಕಂಠವಾದರೋ ತೆಳುವಾದುದು. ಸಭಾಂಗಣದ ಕಡೆಯ ಸಾಲನ್ನು ಮುಟ್ಟಲಾರದ್ದು. ಆದುದರಿಂದ ಬಾಯಿಗೆ ಮೆಗಾಫೋನನ್ನು ಹಿಡಿದು ಹಾಡಿದರು. ಆದರೆ ಅಷ್ಟರಲ್ಲಿ ಮೈಕ್ರೋಫೋನೂ ರೇಡಿಯೋವೂ ಬಂದು, ಕೂಗದೆಯೂ ಹಾಡಬಹುದೆಂಬ ಹೊಸ ಶಕ್ಯತೆಯನ್ನು ತೆರೆದಿದ್ದುವು. ಉಸಿರನ್ನು ಹದವಾಗಿ ಹಂಚಿ, ವಾಕ್ಯವನ್ನು ಮುರಿಯದೆ ನಡೆಸಿ, ಸ್ವರದಿಂದ ಸ್ವರಕ್ಕೆ ಜಾರುವ ಆ ರೀತಿ, ಓದುಗರಲ್ಲಿ ಸ್ಯಾಕ್ಸೋಫೋನಿನ ಕಡ್ಡಿಗೆ ತುಟಿಯಿಟ್ಟವರಿಗೆ ಅಪರಿಚಿತವಲ್ಲ. ಹಾಡುವಾಗಲೂ ಅವರು ನುಡಿಸುತ್ತಲೇ ಇದ್ದರೆಂದು ನಾನು ತಿಳಿಯುತ್ತೇನೆ.

1929ರ ಅಕ್ಟೋಬರ್ 24ರಂದು, ನ್ಯೂಯಾರ್ಕಿನ ಷೇರುಪೇಟೆ ಕುಸಿಯಲಾರಂಭಿಸಿದ ಅದೇ ಗುರುವಾರದಂದೇ, ಫ್ಲೈಷ್‌ಮನ್ ಯೀಸ್ಟ್ ಕಂಪನಿಯ ಆಶ್ರಯದಲ್ಲಿ ಅವರ ರೇಡಿಯೋ ಕಾರ್ಯಕ್ರಮವು ಪ್ರಾರಂಭವಾಯಿತು. ಹಾಡು, ಹಾಸ್ಯ, ನಾಟಕದ ತುಣುಕುಗಳನ್ನೆಲ್ಲ ಒಂದು ಗಂಟೆಯಲ್ಲಿ ಕೂಡಿಸಿದ ಅದು, ಪ್ರಾಯೋಜಕರ ಹೆಸರು ಬದಲಾದರೂ 1939ರವರೆಗೆ ನಡೆಯಿತು. 1932ರಲ್ಲಿ ಬಾಸ್ಟನ್ನಿನ ಕಾರ್ಡಿನಲ್ ಓ’ಕಾನೆಲರು ಈ ಮೃದುಗಾಯನವನ್ನು ಅಧಃಪತನದ ಲಕ್ಷಣವೆಂದು ಖಂಡಿಸಿದರು; ಶ್ರೋತೃಗಳು ಕಡಿಮೆಯಾಗಲಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗರ 1936ರ ಗ್ರಂಥಕ್ಕೆ ಮುನ್ನುಡಿ ಬರೆದುದು, ವರ್ಣಭೇದದ ದಿನಗಳಲ್ಲಿ ಆ ಮಹಾಕಲಾವಿದರಿಗೆ ರೇಡಿಯೋದ ಬಾಗಿಲು ತೆರೆಯಲು ನೆರವಾದುದು, ನನ್ನ ದೃಷ್ಟಿಯಲ್ಲಿ, ಅವರ ಜನಪ್ರಿಯ ಹಾಡುಗಳೆಲ್ಲಕ್ಕಿಂತ ಮಿಗಿಲು. ಅವರ ಮುಂಗೋಪ, ಗೃಹಕಲಹಗಳು ಆ ಕಾಲದ ಪತ್ರಿಕೆಗಳಿಗೆ ಸಾಕಷ್ಟು ಆಹಾರವಾದುವು. ಅವನ್ನು ಕೆದಕುವುದಕ್ಕೆ ಸ್ಮರಣ ಸಂಚಿಕೆಯು ಸ್ಥಳವಲ್ಲ.

ಯುದ್ಧಕಾಲದಲ್ಲಿ ಕರಾವಳಿ ರಕ್ಷಣಾದಳದ ಬ್ಯಾಂಡನ್ನು ನಡೆಸಿದರು; ಚಲನಚಿತ್ರಗಳಲ್ಲಿ ಹಾಸ್ಯಪಾತ್ರಗಳನ್ನು ವಹಿಸಿದರು; 1961ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ, ‘ಹೌ ಟು ಸಕ್ಸೀಡ್ ಇನ್ ಬಿಸಿನೆಸ್’ ಎಂದು ಮೊದಲಾಗುವ ಉದ್ದನೆಯ ಹೆಸರಿನ ಸಂಗೀತನಾಟಕದಲ್ಲಿ, ಕಂಪನಿಯ ಯಜಮಾನನ ಪಾತ್ರದಿಂದ ಮತ್ತೊಮ್ಮೆ ಪ್ರಸಿದ್ಧಿಗೆ ಬಂದರು. 1986ರ ಜುಲೈ 3ರಂದು ನಿಧನರಾದರು.

ಗ್ರಾಮಫೋನ್ ತಟ್ಟೆಯಿಂದ ಕಲಿತವರ ಕಥೆಯನ್ನು ಬರೆಯುವಾಗ ನಮ್ಮ ಜಿಲ್ಲೆಯ ಹಿರಿಯ ವಾದಕರ ನಾದವು ಎಷ್ಟು ಉಳಿದಿದೆಯೆಂಬ ಚಿಂತೆ ಹುಟ್ಟುತ್ತದೆ. ಅಟ್ಟದಲ್ಲಿ ಹಳೆಯ ತಟ್ಟೆಗಳನ್ನೋ, ಮದುವೆಮನೆಗಳಲ್ಲಿ ಮುದ್ರಿಸಿಕೊಂಡ ಕ್ಯಾಸೆಟ್ಟುಗಳನ್ನೋ, ಮೇಳದ ಛಾಯಾಚಿತ್ರಗಳನ್ನೋ ಇಟ್ಟುಕೊಂಡಿರುವ ಸದಸ್ಯರು, ಅವುಗಳ ಪ್ರತಿ ತೆಗೆದುಕೊಳ್ಳಲು ಸಂಘದ ಕಾರ್ಯದರ್ಶಿಗಳಿಗೆ ದಯವಿಟ್ಟು ಅನುವು ಮಾಡಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.