ತಂಬೂರಿಯ ಬುರುಡೆ, ಮೈಯ ನರ

ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಪುಷ್ಯದ ಹುಣ್ಣಿಮೆಗೆ ಸಿದ್ದಪ್ಪಾಜಿ ಜಾತ್ರೆ ತೊಡಗುತ್ತದೆ. ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಕೈಯಲ್ಲಿ ತಂಬೂರಿ, ಗಗ್ಗರ. ತಂಬೂರಿಯೆಂದರೆ ಈ ಮೈಯೇ ಎನ್ನುವುದು ನಮ್ಮ ತತ್ವಪದಗಳಲ್ಲಿ ಬೇರೂರಿದ ಮಾತು. ಶಿಶುನಾಳ ಷರೀಫರ ತಂಬೂರಿ ಪದ ಎಲ್ಲರಿಗೂ ಗೊತ್ತು. ಅದಕ್ಕೂ ಬಹಳ ಹಿಂದೆ, 12ನೆಯ ಶತಮಾನದಲ್ಲಿ, ಬಸವಣ್ಣ ತನ್ನ ಕಾಯವನ್ನು ದಂಡಿಗೆಯಾಗಿ, ತಲೆಯನ್ನು ಸೋರೆಯಾಗಿ, ನರವನ್ನು ತಂತಿಯಾಗಿ ಮಾಡೆಂದು ವಚನವೊಂದರಲ್ಲಿ ಬೇಡಿದ್ದಾನೆ.

ಇದೆಲ್ಲವನ್ನೂ ಶ್ಲೇಷ ಎಂದುಬಿಡಲಾಗದು. ದಂಡಿಗೆಗೂ ಕಾಯಕ್ಕೂ ಇರುವುದು ಆಕಾರದ ಸಾಮ್ಯ, ಅದು ರೂಪಕ. ಶ್ಲೇಷವಾಗಬೇಕಾದರೆ ಒಂದೇ ಉಚ್ಚಾರ ಎರಡು ಅರ್ಥ ಹೊರಬೇಕು. ಈ ಒರೆಗೆ ಹಚ್ಚಿ ನೋಡಬೇಕಾದವು ಬುರುಡೆ ಮತ್ತು ನರ.

ಬಲಿತ ಸೋರೆಯನ್ನು ಒಣಗಿಸಿ, ತಿರುಳು ಬೀಜ ತೆಗೆದರೆ ಉಳಿಯುವ ಗಟ್ಟಿ ಚಿಪ್ಪು ಬುರುಡೆ. ತಲೆಯ ಮೂಳೆಗೂ ಅದೇ ಹೆಸರು. ಇಲ್ಲಿ ಪದ ಒಂದೇ, ಅರ್ಥ ಹಬ್ಬಿದೆ. ಹಾಗಾಗಿ ಇದನ್ನು ಲಕ್ಷಣೆಯೆನ್ನುವುದೇ ಮೇಲು. ಆದರೂ ಸೊಗಸಿದೆ: ತಂಬೂರಿಯ ಬುರುಡೆ ತಿರುಳು ಹೋದಮೇಲೆ ನುಡಿಯುತ್ತದೆ, ಮನುಷ್ಯನದು ತಿರುಳಿದ್ದರೆ ಮಾತ್ರ.

ನಿಜವಾದ ಶ್ಲೇಷ 'ನರ'ದಲ್ಲಿದೆ. ಮನುಷ್ಯ ಎಂಬರ್ಥದ ನರ ಸಂಸ್ಕೃತದ್ದು. ಮೈಯೊಳಗಿನ ನರ ದ್ರಾವಿಡದ್ದು. ತಮಿಳಿನ 'ನರಂಬು' ಮೈಯ ನರವೂ ಹೌದು, ಯಾಳ್ ವಾದ್ಯದ ತಂತಿಯೂ ಹೌದು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನೆರೆಯ ಹನೂರಿನ ಕಡೆ ಇಂದಿಗೂ ತಮಿಳು ಕಿವಿಗೆ ಬೀಳುತ್ತದೆ. ಅಷ್ಟರಿಂದಲೇ ಈ ಶ್ಲೇಷ ತಮಿಳಿನ ಕೊಡುಗೆ ಎನ್ನುವುದು ದುಡುಕು. ನರ, ನರಂಬು ಎರಡೂ ಒಂದೇ ಬೇರಿನವು, ಒಂದು ಇನ್ನೊಂದರ ಸಾಲವಲ್ಲ. 'ನರ ಸಡಿಲಿದರೆ ಸ್ವರವಿಲ್ಲ' ಎಂದು ನಾವೇ ಒಂದು ಮಾತು ಕಟ್ಟಿ ನೋಡೋಣ: ತಂತಿ, ನರ, ಮನುಷ್ಯ ಮೂರಕ್ಕೂ ಅದು ಸಲ್ಲುತ್ತದೆ, ಪದವನ್ನು ಎಲ್ಲೂ ಒಡೆಯಬೇಕಿಲ್ಲ. ಆಲಂಕಾರಿಕರು ಇದನ್ನೇ ಅಭಂಗ ಶ್ಲೇಷ ಎಂದರು.

ಕೊಳ್ಳೇಗಾಲದ ನೆರೆಯ ಯಳಂದೂರಿನೊಡನೆ ಹೆಸರು ಬೆಸೆದಿರುವ ಷಡಕ್ಷರದೇವ, 17ನೆಯ ಶತಮಾನದ 'ರಾಜಶೇಖರ ವಿಳಾಸ'ದ ಕವಿ, ಪಂಡಿತರ ಚಂಪೂ ಮಾರ್ಗದವನು. ಆ ಮಾರ್ಗದಲ್ಲಿ ಪದ ಒಡೆದು ಅರ್ಥ ಹಚ್ಚುವ ಸಭಂಗ ಶ್ಲೇಷಕ್ಕೂ ಎಡೆಯುಂಟು. ಓದುಗ ನಿಂತು, ಟೀಕೆ ನೋಡಿ ಮುಂದೆ ಹೋಗಬಹುದು. ರಾತ್ರಿಯೆಲ್ಲ ನೀಲಗಾರರ ಕಥೆ ಕೇಳುವವರಿಗೆ ಆ ಬಿಡುವಿಲ್ಲ. ಹಾಡಿಗೆ ಒಗ್ಗುವುದು ಮನೆಮಾತಿನ, ಒಡೆಯದ ಶ್ಲೇಷವೇ ಎಂಬುದು ನನ್ನ ಅಭಿಪ್ರಾಯ. ತಂತಿ ಬಿಗಿಯುವ ಬಿರಡೆಗೂ ಬುರುಡೆಗೂ ಇರುವ ನಂಟು ಬರಿಯ ಧ್ವನಿಸಾಮ್ಯ. ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು.